ಸದ್ದಿಲ್ಲದ ಗಾಳಿಗೆ ನೇಯ್ದ ಕಂಬಳಿ

ಮಂಗಲಾ ಮೇಡಂ ಏನು ಕೆಲಸ ಮಾಡುತ್ತಾರೆ ಎಂದು ನಮ್ಮ ಮನೆಯವರಿಗೆ ತಿಳಿಸಿ ಹೇಳುವುದರಲ್ಲಿ ನನಗೆ ಸಾಕುಸಾಕಾಗಿದೆ. ಗಾಳಿಯನ್ನು ಜೋರಾಗಿ ಬೀಸುತ್ತಾರೆ, ಆದರೆ ಅದು ಸಪ್ಪಳ ಮಾಡಬಾರದು ಎಂದರೆ, "ಹಂಗಾರ ಬೀಸೂದರ ಯಾಕ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ನಮ್ಮದು ಸಾಂಗಲಿಯಲ್ಲಿ ಅರಿಸಿನ ಹರಾಜು ಹಾಕುವ ಅಡತಿ ಅಂಗಡಿ ನಡೆಸಿದ ಮನೆತನ. ಕೂಗಾಟವಿಲ್ಲದೆ ನಡೆಯುವ ಯಾವ ಕೆಲಸದ ಮೇಲೂ ನಮ್ಮವರಿಗೆ ನಂಬಿಕೆ ಕಡಿಮೆ.

ಸಾಂಗಲಿಗೂ ಮಿರಜಿಗೂ ನಡುವಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಕೆ ಮೆಕ್ಯಾನಿಕಲ್ ವಿಭಾಗ, ನಾನು ಸಿವಿಲ್. ಸ್ಟಾಫ್ ರೂಮಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಪಾಠಕ್ಕೆ ಇಂಗ್ಲಿಷು, ಹರಟೆಗೆ ಮರಾಠಿ, ಪ್ರಿನ್ಸಿಪಾಲರನ್ನು ಬೈಯುವುದಕ್ಕೆ ಕನ್ನಡ ಎಂದು ಹಂಚಿಕೊಂಡಿದ್ದೇವೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಎದುರಿಗೆ ಮೇಡಂ ಎನ್ನುತ್ತೇನಾದರೂ ಇಲ್ಲಿ ಅವಳು ಎಂದೇ ಬರೆಯುತ್ತೇನೆ, ಇಲ್ಲದಿದ್ದರೆ ಕೈ ತಡವರಿಸುತ್ತದೆ.

ಮಂಗಲಾ ಸಲಗರೆ ಎಂಬ ಹಳ್ಳಿಯ ಕುರಿಗಾರರ ಮನೆಯವಳು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅಪ್ಪನ ತಮ್ಮ ಗುರಲಿಂಗ ಕಾಕಾ ಅವಳನ್ನು ಬೆಳೆಸಿದರು, ಓದಿಸಿದರು. ಅವಳು ಕಾಲೇಜು ಸೇರುವ ಹೊತ್ತಿಗೆ ಊರಿನಾಚೆಯ ದಿಬ್ಬಗಳ ಮೇಲೆ ಕರೆಂಟು ಮಾಡುವ ಗಾಳಿಗಿರಣಿಗಳು ಎದ್ದು ನಿಂತವು. ಅವುಗಳ ಸಪ್ಪಳಕ್ಕೆ ಕುರಿ ಬೆದರುತ್ತವೆ ಎಂದು ಕೆಲವರು ಜಗಳಕ್ಕೆ ನಿಂತರೆ, ಹಾಗೇನೂ ಇಲ್ಲ ಎಂದು ಅವುಗಳಿಗೆ ಹೊಲ ಬಾಡಿಗೆಗೆ ಕೊಟ್ಟವರು ವಾದಿಸಿದರು. ಮಂಗಲಾ ಎರಡೂ ಕಡೆ ಸೇರಲಿಲ್ಲ. ಗಿರಣಿಯ ಬುಡದಲ್ಲಿ ಕುರಿಗಳ ನಡುವೆ ಕುಳಿತು ಕೇಳುತ್ತ ಹೋದಳು. "ರೆಕ್ಕಿ ಕೆಳಗ ಇಳಿಯೂ ಮುಂದ ಒಂದ ನಮೂನಿ ಸಪ್ಪಳ ಬರತೈತ್ರಿ ಸರ್, ಮ್ಯಾಲ ಏರೂ ಮುಂದ ಬ್ಯಾರೆ ನಮೂನಿ" ಎಂದು ನನಗೆ ಒಮ್ಮೆ ಹೇಳಿದ್ದಳು. ಆ ಸಪ್ಪಳ ರೆಕ್ಕೆಯ ಯಾವ ಅಂಚಿನಲ್ಲಿ ಹುಟ್ಟುತ್ತದೆ, ಆ ಅಂಚಿಗೆ ಗರಗಸದ ಹಲ್ಲು ಕೊಟ್ಟರೆ ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಅವಳ ಬದುಕಿನ ಪ್ರಶ್ನೆಯಾಯಿತು. ಬದುಕಿಗೆ ಇಂಥ ಪ್ರಶ್ನೆ ಸಾಕೇ ಎಂದು ಕೇಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರು ತಮ್ಮ ಬದುಕಿನಲ್ಲಿ ಯಾವ ಪ್ರಶ್ನೆ ಕೇಳಿಕೊಂಡಿದ್ದಾರೆಂದು ನನಗೆ ಗೊತ್ತಿಲ್ಲ.

ರೆಕ್ಕೆಯ ತುಂಡನ್ನು ಗಾಳಿಗೆ ಹಿಡಿದು ಪಕ್ಕದಲ್ಲಿ ಮೈಕು ಇಟ್ಟರೆ ಮುಗಿಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಅದು ಅಷ್ಟು ಸುಲಭವಲ್ಲ. ಗಾಳಿ ಬೀಸಲು ಫ್ಯಾನ್ ಬೇಕು, ಫ್ಯಾನ್ ಅರಚುತ್ತದೆ. ಹಿಟ್ಟಿನ ಗಿರಣಿಯೊಳಗೆ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗಾಗುತ್ತದೆ. "ಮೊದಲ ಗಾಳಿ ಬಾಯಿ ಮುಚ್ಚಿಸಬೇಕ್ರಿ ಸರ್, ಆಮ್ಯಾಲ ರೆಕ್ಕಿ ಏನ ಅಂತೈತಿ ಕೇಳಬೇಕು" ಎನ್ನುತ್ತಿದ್ದಳು. ಆದ್ದರಿಂದ ಅವಳು ಕಟ್ಟಲು ಹೊರಟಿದ್ದು ಸದ್ದಿಲ್ಲದ ವಿಂಡ್ ಟನಲ್, ಅಂದರೆ ಗಾಳಿಯ ಸುರಂಗ.

ವರ್ಕ್‌ಶಾಪಿನ ಹಿಂದಿನ ಹಳೆಯ ಶೆಡ್ಡಿನಲ್ಲಿ ಅದು ವರ್ಷಗಟ್ಟಲೆ ತುಂಡುತುಂಡಾಗಿ ಬೆಳೆಯಿತು. ಫ್ಯಾನಿಗೆ ಗೋಡೆಯಾಚೆ ಬೇರೆಯೇ ತಳಪಾಯ ಹಾಕಬೇಕು, ಅದರ ನಡುಕ ಒಳಗೆ ಬರಬಾರದು ಎಂದಳು. ಆ ಕಾಂಕ್ರೀಟು ನನ್ನದು. ಅಲ್ಲಿಂದ ಗಾಳಿ ಒಂದು ಉದ್ದನೆಯ ಕೊಳವೆಯಲ್ಲಿ ಎರಡು ತಿರುವು ದಾಟಿ ಬರುತ್ತದೆ. ಗಾಳಿ ಸುಮ್ಮನೆ ತಿರುಗಿ ಮುಂದೆ ಹೋಗುತ್ತದೆ, ಅದರೊಡನೆ ಬಂದ ಫ್ಯಾನಿನ ಸದ್ದು ಮಾತ್ರ ತಿರುವಿನ ಗೋಡೆಗೆ ಬಡಿದು ಅಲ್ಲಿನ ಮೆತ್ತನೆಯ ಹೊದಿಕೆಯಲ್ಲಿ ಇಂಗಿಹೋಗಬೇಕು. ಆಮೇಲೆ ಜೇನುಗೂಡಿನಂಥ ಜಾಲರಿ ಗಾಳಿಯನ್ನು ನೇರ ಮಾಡುತ್ತದೆ. ಕೊನೆಗೆ ಕಿರಿದಾಗುತ್ತ ಹೋಗುವ ಮೂತಿಯಿಂದ ಅದು ಒಂದು ಪುಟ್ಟ ಕೋಣೆಯೊಳಕ್ಕೆ ಹಾರುತ್ತದೆ. ರೆಕ್ಕೆಯ ತುಂಡೂ ಮೈಕೂ ಇರುವುದು ಆ ಕೋಣೆಯಲ್ಲಿ. ಮೂತಿಯನ್ನು ಕುಪವಾಡದಲ್ಲಿ ಫೈಬರಿನ ನೀರಿನ ಟ್ಯಾಂಕು ಮಾಡುವವನೊಬ್ಬ ಮಾಡಿಕೊಟ್ಟ. ಒಳಮೈ ಕನ್ನಡಿಯ ಹಾಗೆ ನುಣುಪಾಗಬೇಕು ಎಂದು ಇವಳು ಹಟ ಹಿಡಿದು ಅವನಿಂದ ಉಜ್ಜಿಸಿ ಉಜ್ಜಿಸಿ ಸಾಕುಮಾಡಿದ್ದಕ್ಕೆ, ಇನ್ನು ಮೇಲೆ ಮೇಡಂ ಬಂದರೆ ನಾನು ಊರಲ್ಲಿಲ್ಲ ಎಂದು ಹೇಳಿ ಎಂದು ಅವನು ಮನೆಯವರಿಗೆ ತಾಕೀತು ಮಾಡಿದ್ದನಂತೆ.

ಎಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ಕೃಷ್ಣೆ ಏರಿ ಬಂದಳು. ಆ ವರ್ಷ ನೀರು ಶೆಡ್ಡಿನೊಳಕ್ಕೂ ನುಗ್ಗಿ, ಕೊಳವೆಗೆ ಅಂಟಿಸಿದ್ದ ಫೋಮು ಕೆಸರು ಕುಡಿದು ಕೊಳೆತು ಉದುರಿತು. ಉಳಿದದ್ದನ್ನು ಇಲಿಗಳು ತಿಂದವು. ಅದು ಸಾಲದೆಂಬಂತೆ ಹೊಸ ಪ್ರಿನ್ಸಿಪಾಲರು ಬಂದರು. ಮೆಕ್ಯಾನಿಕಲ್ಲಿಗೆ ಹುಡುಗರು ಬರುತ್ತಿಲ್ಲ, ಎಲ್ಲರಿಗೂ ಕಂಪ್ಯೂಟರೇ ಬೇಕು, ಶೆಡ್ಡು ಕೆಡವಿ ಹೊಸ ಕೋರ್ಸಿಗೆ ತರಗತಿ ಮಾಡೋಣ ಎಂದರು. ಗಾಳಿಗಿರಣಿಯ ರೆಕ್ಕೆ ಮಾಡುವ ಪುಣೆಯ ಒಂದು ಸಣ್ಣ ಕಂಪನಿ ತಮ್ಮ ರೆಕ್ಕೆಗಳನ್ನು ಇಲ್ಲಿ ಪರೀಕ್ಷೆ ಮಾಡಿಸುವ ಮಾತಾಡಿತ್ತು. ಅವರ ಎಂಜಿನಿಯರು ದೀಪಾವಳಿ ರಜೆಗೆ ಮುಂಚೆ ಬಂದು ಅಳೆದು, ಟನಲ್ಲಿನ ಸ್ವಂತ ಸದ್ದು ರೆಕ್ಕೆಯ ಸದ್ದಿಗಿಂತ ಸಾಕಷ್ಟು ಕಡಿಮೆ ಇದೆ ಎಂದರೆ ಶೆಡ್ಡು ಉಳಿಯುತ್ತದೆ, ಇಲ್ಲವಾದರೆ ರಜೆಯಲ್ಲಿ ಖಾಲಿ ಮಾಡಬೇಕು ಎಂದು ತೀರ್ಮಾನವಾಯಿತು. ಸಭೆಯಲ್ಲಿ ಮಂಗಲಾ ಒಪ್ಪಿ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ನನ್ನ ಹತ್ತಿರ, "ಈ ಶೆಡ್ ಹೋದ್ರ ನಾ ಇನ್ನೊಂದು ಕಟ್ಟಂಗಿಲ್ರಿ ಸರ್. ಅಷ್ಟು ವಯಸ್ಸು ಉಳಿದಿಲ್ಲ" ಎಂದಳು. ನಲವತ್ತೈದೂ ದಾಟದವಳ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು.

ಕೊಳವೆಗೆ ಮತ್ತೆ ಫೋಮು ಹಾಕುವ ಮನಸ್ಸು ಅವಳಿಗೆ ಇರಲಿಲ್ಲ. ಮತ್ತೊಮ್ಮೆ ನೀರು ಬಂದರೆ ಮತ್ತೆ ಅದೇ ಗತಿ. ಒಂದು ದಿನ ಮನೆಯಿಂದ ತನ್ನ ಹಳೆಯ ಕಂಬಳಿಯ ತುಂಡು ತಂದು ಸದ್ದು ಅಳೆಯುವ ಪುಟ್ಟ ನಳಿಗೆಯಲ್ಲಿ ಇಟ್ಟು ನೋಡಿದಳು. ಅವಳು ಹುಡುಗಿಯಾಗಿದ್ದಾಗ ಕಾಕಾ ನೇಯ್ದುಕೊಟ್ಟ ಕಂಬಳಿ. ಅದನ್ನು ಹಾಸ್ಟೆಲಿನಲ್ಲಿ ಹೊದ್ದು, ಸಂಸಾರದಲ್ಲಿ ಹಾಸಿ, ಎಷ್ಟೋ ಸಲ ಒಗೆದು ಇಟ್ಟುಕೊಂಡಿದ್ದಳು. ಅದರ ಹಿಂದೆ ಬಿಡಿ ಉಣ್ಣೆ ತುಂಬಿದಾಗ ಸದ್ದನ್ನು ಫೋಮಿಗಿಂತ ಚೆನ್ನಾಗಿ ನುಂಗಿತು. ಕುರಿಯ ಉಣ್ಣೆ ನೆನೆದರೂ ಒಣಗುತ್ತದೆ, ಉದುರುವುದಿಲ್ಲ. ಅವಳ ಮುಖ ಆ ದಿನ ಹೇಗೆ ಅರಳಿತ್ತೆಂದರೆ, ನಾನು ಕ್ಯಾಂಟೀನಿನಿಂದ ಎರಡು ಚಹಾ ತರಿಸಿದೆ.

ಭಾನುವಾರ ನನ್ನ ಕಾರಿನಲ್ಲಿಯೇ ಸಲಗರೆಗೆ ಹೋದೆವು. ಗುರಲಿಂಗ ಕಾಕಾ ಒಣಗಿದ ಮೈಯ, ಕಡಿಮೆ ಮಾತಿನ ಮನುಷ್ಯ. ಅವರ ಮಕ್ಕಳು ಇನ್ನೂ ಕುರಿ ಕಾಯುತ್ತಾರೆ, ಆದರೆ ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಬೇಲಿಗೆ ಎಸೆಯುತ್ತಾರೆ. ನೆಲಕ್ಕೆ ಕುಣಿ ತೋಡಿ ಹೂಡಿದ ಕಾಕಾನ ಮಗ್ಗದ ಮೇಲೆ ಈರುಳ್ಳಿ ಹರವಿದ್ದರು. ಮಂಗಲಾ ಕಂಬಳಿ ಬೇಕೆಂದು ಹೇಳಿದ್ದೇ ತಡ, ಅವರು ಎದ್ದು ಹೋಗಿ ಈರುಳ್ಳಿ ಬಾಚಿ ತೆಗೆಯತೊಡಗಿದರು.

"ಯಾತಕ್ಕ ಬೇಕವ್ವಾ?" ಎಂದು ಬೆನ್ನು ಹಾಕಿಕೊಂಡೇ ಕೇಳಿದರು.

"ಗಾಳಿಗೆ ಹಾಕೂದೈತಿ ಕಾಕಾ. ಭಾಳ ಜೋರ ಗಾಳಿ. ಛಲೋತ್ನಾಗಿ ನೇಯ್ದ ಕೊಡ್ರಿ."

"ಗಾಳಿ ಚಿಂತಿ ನನಗ ಬಿಡು" ಎಂದರು ಕಾಕಾ.

ಕಾಕಾನ ಹೆಂಡತಿ ಕೃಷ್ಣವ್ವ ಕಾಕು ನೂಲು ತೆಗೆದರು, ಕಾಕಾ ಮಗ್ಗದ ಕುಣಿಗೆ ಇಳಿದರು. ಮಳೆಗಾಲ ಮುಗಿಯುವುದರೊಳಗೆ ಕರಿಯ ಕಂಬಳಿಗಳು ಟೆಂಪೋದಲ್ಲಿ ಬಂದು ಇಳಿದವು. ಅಷ್ಟು ಬಿಗಿಯಾದ, ಅಷ್ಟು ಒಪ್ಪವಾದ ನೇಯ್ಗೆಯನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಮಡಿಸಿದರೆ ಹಲಗೆಯಂತೆ ನಿಲ್ಲುತ್ತಿದ್ದವು. ಮಂಗಲಾ ಒಂದನ್ನು ಮೂಗಿಗೆ ಹಿಡಿದು ವಾಸನೆ ನೋಡಿ, "ನಮ್ಮ ಮನಿ ವಾಸನಿ" ಎಂದು ನಕ್ಕಳು. ಕೊಳವೆಯ ಉದ್ದಕ್ಕೂ, ಎರಡೂ ತಿರುವುಗಳಿಗೆ, ಕೋಣೆಯ ಗೋಡೆಗೆ ಅವನ್ನು ಜಡಿದು ಹಿಂದೆ ಉಣ್ಣೆ ತುಂಬುವಷ್ಟರಲ್ಲಿ ನಮ್ಮ ಬೆರಳುಗಳಿಗೆಲ್ಲ ಗಾಯವಾಗಿತ್ತು.

ವರ್ಕ್‌ಶಾಪ್ ಮುಚ್ಚಿದ್ದ ಒಂದು ರಜೆಯ ದಿನ ಫ್ಯಾನ್ ಹಾಕಿದಳು. ಕೋಣೆಯಲ್ಲಿ ರೆಕ್ಕೆ ಇರಲಿಲ್ಲ, ಏನೂ ಇರಲಿಲ್ಲ. ಆದರೂ ಸದ್ದು ತೋರಿಸುವ ಕಂಪ್ಯೂಟರಿನ ತೆರೆಯ ಮೇಲೆ ಗೆರೆ ಮೇಲೆದ್ದು ಕುಳಿತಿತ್ತು. ಹೊದಿಕೆಯೇ ಇಲ್ಲದ ಬರಿಯ ಹಲಗೆಯ ಕೊಳವೆಗಿಂತ ಅಷ್ಟಿಷ್ಟು ಕಡಿಮೆ, ಅಷ್ಟೇ. ಫ್ಯಾನಿನ ಅರಚಾಟ ಪೂರ್ತಿ ಒಳಗೆ ಬರುತ್ತಿತ್ತು. ಅವಳು ಮೈಕು ಬದಲಿಸಿದಳು, ವೈರು ಬದಲಿಸಿದಳು, ಬಾಗಿಲ ಸಂದಿಗೆ ಬಟ್ಟೆ ತುರುಕಿದಳು. ಕಡೆಗೆ ಫ್ಯಾನ್ ನಿಲ್ಲಿಸಿ ಕಂಬಳಿಗೆ ಬಾಯಿ ಹಚ್ಚಿ ಜೋರಾಗಿ ಊದಿದಳು. ಉಸಿರು ಒಳಗೆ ಹೋಗದೆ ಅವಳ ಕೆನ್ನೆಗೇ ವಾಪಸು ಬಂತು.

ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. "ಗಂಜಿ" ಎಂದಳು.

ಕಂಬಳಿಗೆ ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಹಾಕುತ್ತಾರೆ. ಎಳೆಗಳ ನಡುವಿನ ಸಂದೆಲ್ಲ ಮುಚ್ಚಿ ಅದು ಬಿರುಸಾಗುತ್ತದೆ. ಮಳೆ ಇಳಿಯುವುದಿಲ್ಲ, ಗಾಳಿ ತೂರುವುದಿಲ್ಲ. ಬಯಲಿನಲ್ಲಿ ಮಲಗುವ ಕುರಿಗಾರನಿಗೆ ಬೇಕಾದದ್ದು ಅದೇ. ಟನಲ್ಲಿಗೆ ಬೇಕಾದದ್ದು ಅದರ ತಿರುಗುಮುರುಗು: ಸದ್ದು ಸಂದಿಗಳಲ್ಲಿ ನುಗ್ಗಿ ಉಣ್ಣೆಯೊಳಗೆ ಸಿಕ್ಕಿಕೊಳ್ಳಬೇಕು. ಮಂಗಲಾ ಪರೀಕ್ಷಿಸಿದ ಹಳೆಯ ತುಂಡಿನ ಗಂಜಿ ಒಗೆದೊಗೆದು ಎಂದೋ ಹೋಗಿತ್ತು. ಹೊಸ ಕಂಬಳಿಯಲ್ಲಿ ಗಂಜಿ ಇರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹುಟ್ಟಿದಾಗಿನಿಂದ ನೋಡಿದ ವಿಷಯವಾದ್ದರಿಂದಲೇ ಅದನ್ನು ಹೇಳಬೇಕೆಂದು ಹೊಳೆಯಲಿಲ್ಲ. ಫೋನಿನಲ್ಲಿ ಕೇಳಿದರೆ ಕೃಷ್ಣವ್ವ ಕಾಕು ಹೆಮ್ಮೆಯಿಂದ ಹೇಳಿದರಂತೆ: ಜೋರು ಗಾಳಿಗೆ ಅಂದಿದ್ದಿ ಅಂತ ನಿಮ್ಮ ಕಾಕಾ ಹಾಸಿನ ನೂಲಿಗೆ ಒಮ್ಮೆ, ನೇಯ್ದ ಮೇಲೆ ಇನ್ನೊಮ್ಮೆ, ಎರಡು ಸಲ ಹಾಕ್ಯಾರ.

ನಾನು ನೇರವಾಗಿ ಹೇಳಿದೆ. "ಮೇಡಂ, ಪುಣೆದಿಂದ ಫೋಮ್ ತರಿಸ್ರಿ. ಕಂಬಳಿ ತಗದು ಕಟ್ಟಿ ಇಡ್ರಿ. ಕಾಕಾಗ ಏನೂ ಹೇಳಬ್ಯಾಡ್ರಿ. ಅವರು ಬಂದು ನೋಡತಾರೇನು?" ಈಗಲೂ ನಾನು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

"ಫೋಮ್ ಬರೂದರಾಗ ದೀಪಾವಳಿ ಮುಗದ ಹೋಗಿರತೈತ್ರಿ" ಎಂದಳು. ಗೋಡೆಯ ಕಂಬಳಿಯಿಂದ ಒಂದು ಮೊಳೆ ಕೀಳುತ್ತ, "ಮತ್ತ ಅವರಿಗೆ ಸುಳ್ಳ ಹೇಳಾಕ ನನಗ ಬರೂದಿಲ್ರಿ" ಎಂದಳು.

ಕಂಬಳಿಗಳನ್ನು ಕಿತ್ತು ಮತ್ತೆ ಟೆಂಪೋಗೆ ಹೇರಿ ಸಲಗರೆಗೆ ಹೋದೆವು. ತಾವು ಕೊಟ್ಟ ಮಾಲು ಮೊಳೆಯ ತೂತುಗಳೊಡನೆ ವಾಪಸು ಬಂದದ್ದನ್ನು ನೋಡಿ ಕಾಕಾ ಕಟ್ಟೆಯ ಮೇಲಿಂದ ಏಳಲೇ ಇಲ್ಲ. ಮಂಗಲಾ ಅವರ ಕಾಲ ಹತ್ತಿರ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದಳು. ಗಂಜಿ ಪೂರ್ತಿ ತೊಳೆದು ತೆಗೆಯಬೇಕು ಎಂದಾಗ ಅವರ ಮುಖ ಬಿಗಿಯಿತು.

"ಗಂಜಿ ಇಲ್ಲದ್ದು ಕಂಬಳಿ ಅಲ್ಲ" ಎಂದರು. "ನಮ್ಮಪ್ಪ ಇದ್ದಾಗ ಒಬ್ಬಾವ ಗಂಜಿ ಬಿಟ್ಟು ನೇಯ್ದು ಮಾರತಿದ್ದ. ಅದನ್ನ ಹೊತಗೊಂಡ ಹೋದಾವ ಅಡವ್ಯಾಗ ರಾತ್ರಿಯೆಲ್ಲಾ ಮಳಿಗೆ ತೋಯ್ದು ಜ್ವರ ಬಂದು ಸತ್ತ. ಆ ಮನಿತನಕ್ಕ ಇವತ್ತಿಗೂ ಮೋಸಗಾರ್ರು ಅಂತಾರ. ನನ್ನ ಮಗ್ಗದ್ದು ಹಂಗ ಹೊರಗ ಹೋಗೂದಿಲ್ಲ."

"ಇದನ್ನ ಯಾರೂ ಹೊದಿಯಂಗಿಲ್ಲ ಕಾಕಾ. ಗ್ವಾಡಿಗೆ ಹೊಡಿಯೂದು."

"ಗ್ವಾಡಿಗೆ ಹೊಡದ್ರೂ ಅದು ನನ್ನ ಕಂಬಳಿನ."

ಅವರು ಸುಣ್ಣ ಹಚ್ಚಿದ ಎಲೆ ಬಾಯಿಗೆ ಹಾಕಿಕೊಂಡು ಅಗಿಯುತ್ತ ಕುಳಿತರು. ನನಗೆ ಸಿಟ್ಟು ಬಂತು. ಸದ್ದಿಲ್ಲದ ಗಾಳಿಗಾಗಿ ಬದುಕು ಸವೆಸುವ ಅಣ್ಣನ ಮಗಳು, ಗಂಜಿಗಾಗಿ ಪಟ್ಟು ಹಿಡಿಯುವ ಕಾಕಾ, ಇವರಿಬ್ಬರ ನಡುವೆ ನಾನು ಪೆಟ್ರೋಲು ಸುಟ್ಟುಕೊಂಡು ಓಡಾಡುತ್ತಿದ್ದೇನಲ್ಲ ಎನ್ನಿಸಿತು. ಆದರೆ ಹಟದಲ್ಲಿ ಇಬ್ಬರದೂ ಒಂದೇ ಜಾತಿ ಎಂಬುದೂ ಅಲ್ಲೇ ಗೊತ್ತಾಯಿತು.

"ತೊಳೀದಿದ್ರ ಏನ ಆಕ್ಕೈತಿ?" ಎಂದು ಕಾಕಾ ಅಗಿಯುತ್ತಲೇ ಕೇಳಿದರು.

"ನನ್ನ ಶೆಡ್ ಹೋಗತೈತಿ" ಎಂದಳು ಮಂಗಲಾ. ಧ್ವನಿ ಏರಿಸಲಿಲ್ಲ.

ಕಾಕಾ ಎಲೆ ಉಗುಳಿ ಎದ್ದರು. ಟೆಂಪೋದಿಂದ ಮೊದಲ ಕಂಬಳಿಯನ್ನು ತಾವೇ ಇಳಿಸಿ ದನದ ಬಾನಿಯಲ್ಲಿ ಅದ್ದಿದರು. ನಾನು ಬಿಸಿನೀರು ಹಾಕಿದರೆ ಬೇಗ ಬಿಡುತ್ತದೇನೋ ಎಂದೆ. ಬಿಸಿನೀರಿಗೆ ಉಣ್ಣೆ ಮುದುಡಿ ಗಟ್ಟಿಯಾಗುತ್ತದೆ ಎಂದು ಹೇಳುವ ಗೋಜಿಗೂ ಹೋಗದೆ ಬರೀ ತಲೆ ಅಲ್ಲಾಡಿಸಿದರು. ಎರಡು ದಿನ ನೆನೆಸಿದ್ದು, ತುಳಿದದ್ದು, ಬೋರಿನ ನೀರಿನಲ್ಲಿ ಜಾಲಿಸಿದ್ದು, ಮತ್ತೆ ನೆನೆಸಿದ್ದು. ನಾನೂ ಪ್ಯಾಂಟು ಮಡಚಿ ತುಳಿದೆ. ಬಾನಿಯಿಂದ ಲೋಳೆಲೋಳೆಯಾದ ಕಂದು ನೀರು ಹರಿದುಹೋಗುತ್ತಿತ್ತು. ಕಾಕಾ ಆ ನೀರಿನ ಕಡೆ ನೋಡುತ್ತಿರಲಿಲ್ಲ.

ಒಣಗಿದ ಕಂಬಳಿ ಕೈಯಲ್ಲಿ ಹಳೆಯ ಸೀರೆಯ ಹಾಗೆ ಜೋಲುತ್ತಿತ್ತು. ಕಾಕಾ ಅದನ್ನು ಒಮ್ಮೆ ಹಿಡಿದು ನೋಡಿ ಮಂಗಲಾಳ ತೋಳಿಗೆ ಹಾಕಿದರು.

"ಒಂದ ಮಾತ ಕೊಡು. ಇದನ್ನ ನಾ ನೇಯ್ದೇನಿ ಅಂತ ಯಾರಿಗೂ ಹೇಳಬ್ಯಾಡ."

ಅವಳು ಏನೋ ಹೇಳಲು ಹೋದಳು. ಅವರು ಕೈ ಚಾಚಿಕೊಂಡೇ ನಿಂತಿದ್ದರು. ಅವಳು ಅದರ ಮೇಲೆ ಕೈ ಇಟ್ಟಳು.

ಕಂಬಳಿಗಳನ್ನು ನಾವು ಮತ್ತೆ ಜಡಿದು ಮುಗಿಸುವಷ್ಟರಲ್ಲಿ ಪುಣೆಯ ಎಂಜಿನಿಯರು ನಿಲೇಶ ಹೇಳಿದ ದಿನಕ್ಕೆ ಸರಿಯಾಗಿ ಬಂದ. ಒಳ್ಳೆಯ ಹುಡುಗ, ತಿಳಿದುಕೊಂಡು ಮಾತಾಡುವವನು. ಕಾಕಾ ಕೂಡ ಬಂದಿದ್ದರು. ಒಮ್ಮೆ ನೋಡಬೇಕು ಎಂದು ತಾವೇ ಬಸ್ಸು ಹತ್ತಿ ಬಂದು ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ರುಮಾಲು ಸರಿಮಾಡಿಕೊಂಡು ಕುಳಿತಿದ್ದರು. ನಮ್ಮೂರ ಹಿರಿಯರು ಎಂದಷ್ಟೇ ಮಂಗಲಾ ಪರಿಚಯ ಮಾಡಿಸಿದಳು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದರು.

ಫ್ಯಾನ್ ಹಾಕಿದಾಗ ನಾನು ಮೂತಿಯ ಪಕ್ಕದಲ್ಲಿದ್ದೆ. ಕೈ ಒಡ್ಡಿದರೆ ಗಾಳಿ ನನ್ನ ಬೆರಳುಗಳನ್ನು ಹಿಂದಕ್ಕೆ ತಳ್ಳಿತು. ಸದ್ದು ಮಾತ್ರ ಇರಲಿಲ್ಲ. ದೂರದಲ್ಲಿ ಯಾರೋ ಉಸಿರು ಬಿಟ್ಟಷ್ಟು, ಅಷ್ಟೇ. ಮಂಗಲಾ ಕಾಕಾನನ್ನು ಕರೆದು ಅವರ ಕೈಯನ್ನೂ ಗಾಳಿಗೆ ಹಿಡಿಸಿದಳು. ಅವರು ಬೆಚ್ಚಿ ಕೈ ಹಿಂದೆಗೆದು, ಮತ್ತೆ ಒಡ್ಡಿ, "ಇಂಥಾ ಗಾಳಿಗೆ ಕುರಿ ಬೆದರೂದಿಲ್ಲ" ಎಂದು ಮೆಲ್ಲಗೆ ಹೇಳಿದರು. ಬಳಿಕ ರೆಕ್ಕೆಯ ತುಂಡು ಕಟ್ಟಿದರು. ತೆರೆಯ ಮೇಲೆ ಅದರ ಸದ್ದು ಬೇರೆಯಾಗಿ, ಸ್ಪಷ್ಟವಾಗಿ ಎದ್ದು ಕಂಡಿತು. ಹಲ್ಲು ಕೊರೆದ ಅಂಚಿನ ತುಂಡು ಕಟ್ಟಿದಾಗ ಗೆರೆ ಇಳಿಯಿತು. ಮಂಗಲಾ ಅದರ ಮೇಲೆ ಬೆರಳಿಟ್ಟಳು. ಕುರಿಗಳ ನಡುವೆ ಕುಳಿತು ಕೇಳಿಸಿಕೊಂಡಿದ್ದು ಈಗ ಅವಳ ಬೆರಳ ಕೆಳಗಿತ್ತು.

ನಿಲೇಶ ಎಲ್ಲವನ್ನೂ ಎರಡೆರಡು ಸಲ ಅಳೆದು, ಪ್ರಿನ್ಸಿಪಾಲರ ಕಡೆ ತಿರುಗಿ, ನಮ್ಮ ಕಂಪನಿ ಮೂರು ವರ್ಷ ಇಲ್ಲೇ ಪರೀಕ್ಷೆ ಮಾಡಿಸುತ್ತದೆ ಎಂದ. ಪ್ರಿನ್ಸಿಪಾಲರು ಮೊಬೈಲ್ ಜೇಬಿಗೆ ಹಾಕಿಕೊಂಡು, ಇದೆಲ್ಲ ತಮ್ಮದೇ ಯೋಚನೆ ಎಂಬಂತೆ ನಕ್ಕರು.

ನಿಲೇಶ ಕೊಳವೆಯೊಳಕ್ಕೆ ಬಗ್ಗಿ ಕಂಬಳಿಯನ್ನು ಮುಟ್ಟಿ ನೋಡಿದ. ಮರಾಠಿಯಲ್ಲಿ ಕೇಳಿದ, ಇದನ್ನು ಯಾರು ನೇಯ್ದರು ಮೇಡಂ, ಇಷ್ಟು ಒಳ್ಳೆಯ ಹೊದಿಕೆ ನಾನು ಎಲ್ಲೂ ನೋಡಿಲ್ಲ, ವರದಿಯಲ್ಲಿ ಅವರ ಹೆಸರು ಹಾಕಬೇಕು, ಒಂದು ಫೋಟೋ ತೆಗೆದುಕೊಳ್ಳಬೇಕು.

ಮಂಗಲಾ ಕಾಕಾನ ಕಡೆ ನೋಡಲಿಲ್ಲ. ಸುಳ್ಳು ಹೇಳಲು ಬರುವುದಿಲ್ಲ ಎಂದವಳು, "ಮಿರಜ ಬಜಾರಿನಲ್ಲಿ ಕೊಂಡದ್ದು. ಯಾರು ನೇಯ್ದರೋ ಗೊತ್ತಿಲ್ಲ" ಎಂದು ಮರಾಠಿಯಲ್ಲಿ ಹೇಳಿದಳು.

ಆಗ ಮೂಲೆಯಿಂದ ಕಾಕಾ ತಮ್ಮ ಹಳ್ಳಿಯ ಮರಾಠಿಯಲ್ಲಿ, ಯಾರೂ ಕೇಳದೆಯೇ ಬಾಯಿ ಹಾಕಿದರು. ಅದರಲ್ಲಿ ಗಂಜಿ ಇಲ್ಲ ಸಾಹೇಬ, ನೇಯ್ದವನು ಮೋಸಗಾರ ಇರಬೇಕು, ಅವನ ಹೆಸರು ತಗೊಂಡು ಏನು ಮಾಡುತ್ತೀರಿ ಎಂದರು. ನಿಲೇಶ ನಕ್ಕುಬಿಟ್ಟ. ಕಾಕಾ ಎದ್ದು ಬಂದು ಮಂಗಲಾಳ ತಲೆಯ ಮೇಲೆ ಕೈ ಇಟ್ಟು, "ಛಲೋ ಹೇಳಿದಿ, ನನ್ನವ್ವಾ" ಎಂದು ಕನ್ನಡದಲ್ಲಿ ಹೇಳಿದರು. ಅವರ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು.

ಮಂಗಲಾ ಎಲ್ಲರ ಎದುರಿಗೇ ಅತ್ತಳು. ಸೆರಗಿನಿಂದ ಒರೆಸಿಕೊಂಡರೂ ನಿಲ್ಲಲಿಲ್ಲ. ಶೆಡ್ಡು ಉಳಿದ ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡು ನಿಲೇಶ ಅವಳಿಗೆ ಅಭಿನಂದನೆ ಹೇಳಿದ.